ನೆತ್ತರ ದಾರಿಗೆ ಇಳಿಯುವ ಮುನ್ನ: ಕ್ಯಾನ್ಸರ್ ಹರಡುವುದರ ಬಗ್ಗೆ ಓದುಗರ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಒಂದು ಕಡೆ ಹುಟ್ಟಿದ ಕ್ಯಾನ್ಸರ್ ರಕ್ತಕ್ಕೆ ಸೇರಿ ಇನ್ನೊಂದು ಅಂಗಕ್ಕೆ ಹೋಗುವುದನ್ನು ಔಷಧದಿಂದ ತಡೆಯಲಾಗುತ್ತದೆಯೇ? ಏಳು ಪತ್ರಗಳನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕ್ಯಾನ್ಸರ್ ಕೋಶಗಳು ರಕ್ತನಾಳದ ಒಳಪದರವನ್ನು ತೂರಿಕೊಂಡು ಹೋಗದಂತೆ ತಡೆಯುವ ಔಷಧಗಳ ಬಗ್ಗೆ ಆಗಾಗ ಸುದ್ದಿ ಬರುತ್ತದೆ. ಒಂದು ಕೋಶ ರಕ್ತನಾಳದ ಗೋಡೆಯನ್ನು ಹೇಗೆ ಒಡೆಯುತ್ತದೆ? ಔಷಧ ಅಲ್ಲಿ ಏನು ಮಾಡುತ್ತದೆ? ಮಕ್ಕಳಿಗೆ ಪಾಠ ಹೇಳಲು ಬೇಕಿತ್ತು.
– ಪಿಯು ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕಿ, ಅರಸೀಕೆರೆ

ಉತ್ತರ: ಗೋಡೆ ಎಂದ ಕೂಡಲೇ ಕಲ್ಲು ಗಾರೆಯದು ಕಣ್ಣಿಗೆ ಬರುತ್ತದೆ. ಆದರೆ ಅತಿ ಸಣ್ಣ ರಕ್ತನಾಳದ ಗೋಡೆ ಎಂದರೆ ಒಂದೇ ಸಾಲು ಕೋಶ. ಅದರ ದಪ್ಪ ಬಹಳ ಕಡೆ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಂಡೋಥೀಲಿಯಂ ಎಂಬ ಈ ಪದರದ ಕೋಶಗಳು ಮಂಗಳೂರು ಹೆಂಚಿನ ಹಾಗೆ ಅಂಚಿಗೆ ಅಂಚು ಕಚ್ಚಿಕೊಂಡಿರುತ್ತವೆ. ಹಾಗೆ ಕಚ್ಚಿ ಹಿಡಿಸುವ ಕೆಲಸ ಮುಖ್ಯವಾಗಿ ವಿಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನದು. ಪದರದ ಹೊರಮೈಗೆ ಕೊಲಾಜೆನ್, ಲ್ಯಾಮಿನಿನ್ ಎಳೆಗಳಿಂದ ನೇಯ್ದ ತೆಳುವಾದ ಚಾಪೆ ಇರುತ್ತದೆ.

ಗಡ್ಡೆಯಿಂದ ಹೊರಟ ಕೋಶ ಈ ಪದರವನ್ನು ಎರಡು ಸಲ ದಾಟಬೇಕು: ರಕ್ತದೊಳಕ್ಕೆ ಇಳಿಯುವಾಗ ಒಮ್ಮೆ, ದೂರದ ಅಂಗದಲ್ಲಿ ಹೊರಬರುವಾಗ ಇನ್ನೊಮ್ಮೆ. ಚಾಪೆಯನ್ನು ಅದು ಕಿಣ್ವಗಳಿಂದ ಕರಗಿಸುತ್ತದೆ. ಕೋಶಪದರದ ವಿಷಯದಲ್ಲಿ ಮಾತ್ರ ಅದು ದೇಹದವರನ್ನೇ ಕೆಲಸಕ್ಕೆ ಹಚ್ಚುತ್ತದೆ. ನಮ್ಮ ಕೆರೆಗಳ ಮಾತಿನಲ್ಲಿ ಹೇಳಿದರೆ, ಏರಿಯನ್ನು ಒಡೆಯುವ ಗೋಜಿಗೆ ಹೋಗದೆ ತೂಬು ತೆಗೆಸಿಕೊಳ್ಳುತ್ತದೆ. ಹೀಗೆ ತೆಗೆಸುವ ದಾರಿಗಳಲ್ಲಿ ಮುಖ್ಯವಾದ ನಾಲ್ಕನ್ನು ಮಕ್ಕಳಿಗೆ ಹೇಳಬಹುದು.

ಮೊದಲನೆಯದು ವಿಇಜಿಎಫ್. ಗಡ್ಡೆ ಸುರಿಸುವ ಈ ಸಂಕೇತ ಪದರದ ಕೋಶಕ್ಕೆ ತಾಗಿದಾಗ ಅದರೊಳಗೆ ಸಾರ್ಕ್ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ, ಕ್ಯಾಡ್ಹೆರಿನ್ ಸಡಿಲವಾಗುತ್ತದೆ, ಅಂಚುಗಳ ನಡುವೆ ಸಂದು ಬೀಳುತ್ತದೆ. ಸಾರ್ಕ್ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಕ್ಯಾನ್ಸರ್ ಕೋಶಗಳು ಈ ಸಂದು ದಾಟುವುದು ಕಡಿಮೆಯಾಗಿತ್ತು. ಎರಡನೆಯದು ಪ್ಲೇಟ್‌ಲೆಟ್. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶಕ್ಕೆ ಪ್ಲೇಟ್‌ಲೆಟ್‌ಗಳು ಮುತ್ತಿಕೊಂಡು ಕಂಬಳಿ ಹೊದಿಸಿದಂತೆ ಕಾಪಾಡುತ್ತವೆ. ಅವು ಬಿಡುವ ಎಟಿಪಿ ಎಂಬ ರಾಸಾಯನಿಕ ಪದರದ ಮೇಲಿನ ಪಿ2ವೈ2 ಎಂಬ ಗ್ರಾಹಕವನ್ನು ಮುಟ್ಟಿ ಸಂದು ಬಿಡಿಸುತ್ತದೆ. ಇದು 2013ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಮೂರನೆಯದರಲ್ಲಿ ಕ್ಯಾನ್ಸರ್ ಕೋಶ, ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣ, ಪದರದ ಕೋಶ ಈ ಮೂರೂ ಒಂದಕ್ಕೊಂದು ತಾಗಿ ನಿಂತಿರುತ್ತವೆ. ಮ್ಯಾಕ್ರೊಫೇಜ್ ಅಲ್ಲೇ ವಿಇಜಿಎಫ್ ಬಿಡುತ್ತದೆ, ನಾಳ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟರಲ್ಲಿ ಕೋಶ ಒಳಗೆ ಜಾರುತ್ತದೆ. ನಾಲ್ಕನೆಯದು ಕೊಲೆ. ಕ್ಯಾನ್ಸರ್ ಕೋಶದ ಮೇಲಿರುವ ಎಪಿಪಿ ಎಂಬ ಪ್ರೋಟೀನು ಪದರದ ಕೋಶದ ಡಿಆರ್6 ಗ್ರಾಹಕಕ್ಕೆ ಅಂಟಿದರೆ ಆ ಕೋಶ ತಾನಾಗಿ ಒಡೆದು ಸಾಯುತ್ತದೆ. ಅದು ಸತ್ತ ಜಾಗವೇ ಕಿಂಡಿ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಇದನ್ನು 2016ರಲ್ಲಿ ತೋರಿಸಿದರು. ಈ ಬಗೆಯ ಸಾವನ್ನು ತಡೆಯುವ ನೆಕ್ರೊಸ್ಟಾಟಿನ್ ಕೊಟ್ಟ ಇಲಿಗಳಲ್ಲಿ ಶ್ವಾಸಕೋಶಕ್ಕೆ ಹರಡುವುದು ಇಳಿದಿತ್ತು.

ಹಾಗಾದರೆ ಔಷಧಗಳು ಬಂದಿಲ್ಲವೇಕೆ? ಬಂದವು, ಸೋತವು. ಚಾಪೆ ಕರಗಿಸುವ ಕಿಣ್ವಗಳನ್ನು ಕಟ್ಟಿಹಾಕಲು 1990ರ ದಶಕದಲ್ಲಿ ಮ್ಯಾರಿಮಾಸ್ಟಾಟ್ ಎಂಬ ಮಾತ್ರೆ ತಂದರು. ರೋಗಿಗಳ ಕೀಲು, ಭುಜಗಳೆಲ್ಲ ಬಿಗಿದು ನೋಯುತ್ತಿದ್ದವು, ಆಯಸ್ಸಿಗೆ ಮಾತ್ರ ಆದ ಲಾಭ ಅಷ್ಟಕ್ಕಷ್ಟೇ. ವಿಇಜಿಎಫ್ ಅನ್ನು ಹಿಡಿಯುವ ಬೆವಾಸಿಜುಮಾಬ್‌ಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹರಡಿದ ಕರುಳಿನ ಕ್ಯಾನ್ಸರಿನಲ್ಲಿ ಅದು ಇಂದಿಗೂ ಉಪಯೋಗಕ್ಕಿದೆ. ಆದರೆ ಅದೇ ಔಷಧವನ್ನು ಕರುಳಿನ ಗಡ್ಡೆ ತೆಗೆದ ಮೇಲೆ ಮರುಕಳಿಸದಿರಲಿ ಎಂದು ಕೊಟ್ಟಾಗ ಫಲ ಸಿಗಲಿಲ್ಲ.

ಸೋಲಿಗೆ ದೊಡ್ಡ ಕಾರಣ ವೇಳೆ ತಪ್ಪಿದ್ದು. ಅರೇಬಿಕಾ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರಿನಲ್ಲಿ ಹಾರಿ ತೊಗಟೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕೆ ಮುಂಚೆ ಕಾಂಡಕ್ಕೆ ನೂರಕ್ಕೆ ಹತ್ತರ ಸುಣ್ಣದ ತಿಳಿ ಬಳಿದರೆ ಗಿಡ ಉಳಿದೀತು. ಹುಳು ಕಾಂಡದ ಒಳಗೆ ಸೇರಿದ ಮೇಲೆ ಸುಣ್ಣ ಬಳಿದು ಏನು ಬಂತು? ಇಂಥ ಹಲವು ಪ್ರಯೋಗಗಳಲ್ಲಿ ಇಲಿಗೆ ಕ್ಯಾನ್ಸರ್ ಕೋಶ ಚುಚ್ಚುವ ಮುಂಚೆಯೇ ಔಷಧ ಕೊಡುತ್ತಾರೆ, ಆದ್ದರಿಂದ ಅಲ್ಲಿ ಗೆಲ್ಲುತ್ತದೆ. ಮನುಷ್ಯರಲ್ಲಿ ಗಂಟು ಕೈಗೆ ಸಿಗುವ ಹೊತ್ತಿಗೆ ಕೆಲವು ಕೋಶಗಳು ಆಗಲೇ ಪ್ರಯಾಣ ಮುಗಿಸಿ ಎಲ್ಲೋ ಕುಳಿತಿರಬಹುದು. ಪದರ ದಾಟುವುದನ್ನು ಮಾತ್ರ ತಡೆಯುವ ಔಷಧ ಕುಳಿತವನ್ನು ಏನೂ ಮಾಡಲಾರದು. ಆದ್ದರಿಂದ ಇಂಥ ಔಷಧಕ್ಕೆ ಸರಿಯಾದ ಹೊತ್ತು ಶಸ್ತ್ರಚಿಕಿತ್ಸೆಯ ಆಸುಪಾಸಿನ ದಿನಗಳು ಎಂಬುದು ನಮ್ಮ ಅಭಿಪ್ರಾಯ. ಮರಗಟ್ಟಿಸುವ ಔಷಧವಾದ ಲಿಗ್ನೊಕೇನ್ ಬಗ್ಗೆ ಕೆಳಗಿರುವ ಉತ್ತರದಲ್ಲಿ ಅದಕ್ಕೆ ಆಧಾರವಿದೆ.

ಪ್ರಶ್ನೆ: ಔಷಧವೊಂದು ಪದರ ದಾಟುವುದನ್ನು ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಹೇಗೆ ಪರೀಕ್ಷಿಸುತ್ತಾರೆ? ನಮ್ಮ ಪ್ರಾಜೆಕ್ಟಿಗೆ ಬೇಕು.
– ಬಿಎಸ್ಸಿ ವಿದ್ಯಾರ್ಥಿಗಳು, ಹಾಸನ

ಉತ್ತರ: ಹೆಚ್ಚು ಬಳಕೆಯಲ್ಲಿರುವುದು ಟ್ರಾನ್ಸ್‌ವೆಲ್ ವಿಧಾನ. 24 ಗುಳಿಯ ತಟ್ಟೆಯ ಪ್ರತಿ ಗುಳಿಯೊಳಗೆ ಒಂದು ಪುಟ್ಟ ಬಟ್ಟಲು ತೂಗುಬಿಟ್ಟಿರುತ್ತದೆ, ಅದರ ತಳ 8 ಮೈಕ್ರಾನ್ ತೂತುಗಳ ಪೊರೆ. ಪೊರೆಗೆ ಮೊದಲು ಮ್ಯಾಟ್ರಿಜೆಲ್ ತೆಳುವಾಗಿ ಹಚ್ಚುತ್ತಾರೆ. ನಾಳದ ಹೊರಗಿನ ಚಾಪೆಗೆ ಇದು ಬದಲಿ. ಮೊದಲ ಸಲ ಮಾಡುವವರು ಎಡವುವುದು ಇಲ್ಲೇ. ಮ್ಯಾಟ್ರಿಜೆಲ್ 10 ಡಿಗ್ರಿ ದಾಟಿದರೆ ಗಟ್ಟಿಯಾಗತೊಡಗುತ್ತದೆ. ಬಾಟಲಿ ಮಂಜುಗಡ್ಡೆಯ ಮೇಲಿದ್ದರೆ ಸಾಲದು, ಪಿಪೆಟ್ಟಿನ ತುದಿಗಳನ್ನೂ ತಣ್ಣಗೆ ಮಾಡಿಟ್ಟಿರಬೇಕು. ಇಲ್ಲದಿದ್ದರೆ ಒಂದು ಬಟ್ಟಲಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಆಗಿ ಇಡೀ ಲೆಕ್ಕ ಕೆಡುತ್ತದೆ. ಹಚ್ಚಿದ ಮೇಲೆ 37 ಡಿಗ್ರಿಯಲ್ಲಿಟ್ಟು ಗಟ್ಟಿ ಮಾಡಿಕೊಳ್ಳಬೇಕು.

ಅದರ ಮೇಲೆ ಹೆರಿಗೆಯ ನಂತರದ ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ಬೇರ್ಪಡಿಸಿದ ಎಂಡೋಥೀಲಿಯಲ್ ಕೋಶಗಳನ್ನು ಬಟ್ಟಲಿಗೆ ಸುಮಾರು 1 ಲಕ್ಷದಂತೆ ಬಿತ್ತುತ್ತಾರೆ. ಎರಡು ದಿನದಲ್ಲಿ ಅವು ಅಂಚು ಕೂಡಿ ಪದರವಾಗುತ್ತವೆ. ಆಗಿದೆಯೇ ಎಂದು ಕಣ್ಣಂದಾಜಿನಲ್ಲಿ ನಂಬಬಾರದು. ಹೊಳೆಯುವ ಬಣ್ಣ ಕಟ್ಟಿದ ಡೆಕ್ಸ್‌ಟ್ರಾನ್ ದ್ರಾವಣವನ್ನು ಮೇಲೆ ಹಾಕಿ ಕೆಳಗೆ ಎಷ್ಟು ಸೋರಿತೆಂದು ಅಳೆಯಬೇಕು, ಇಲ್ಲವೇ ಪದರದ ವಿದ್ಯುತ್ ರೋಧವನ್ನು ಅಳೆಯಬೇಕು. ಸೋರುವ ಪದರದ ಮೇಲೆ ಮಾಡಿದ ಪ್ರಯೋಗಕ್ಕೆ ಬೆಲೆ ಇಲ್ಲ. ಇನ್ನೊಂದು ಮಾತು: ಈ ಕೋಶಗಳನ್ನು ಐದಾರು ಸಲಕ್ಕಿಂತ ಹೆಚ್ಚು ಮರುಬಿತ್ತನೆ ಮಾಡಿದರೆ ಅವು ಮುದಿಯಾಗಿ ಅಂಚು ಬಿಗಿಯಾಗಿ ಕೂಡುವುದಿಲ್ಲ.

ಆಮೇಲೆ ಹಸಿರು ಬಣ್ಣ ಹಿಡಿಸಿದ 50 ಸಾವಿರ ಕ್ಯಾನ್ಸರ್ ಕೋಶಗಳನ್ನು ಸೀರಂ ಇಲ್ಲದ ದ್ರವದಲ್ಲಿ ಮೇಲೆ ಹಾಕಿ, ಕೆಳಗಿನ ಗುಳಿಯಲ್ಲಿ ನೂರಕ್ಕೆ ಹತ್ತರಷ್ಟು ಸೀರಂ ಇಡುತ್ತಾರೆ; ಅದೇ ಆಮಿಷ. 16ರಿಂದ 24 ಗಂಟೆಯ ನಂತರ ಪೊರೆಯ ಮೇಲ್ಮೈಯನ್ನು ಹತ್ತಿಕಡ್ಡಿಯಿಂದ ಒರೆಸಿ, ಕೆಳಮೈಗೆ ಬಂದಿರುವ ಹಸಿರು ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಐದು ಕಡೆ ಎಣಿಸುತ್ತಾರೆ.

ಎಣಿಕೆ ಇಳಿಯಿತೆಂದು ಕುಣಿಯಬೇಡಿ. ಔಷಧ ಕೋಶಗಳನ್ನು ಕೊಂದಿದ್ದರೂ ಎಣಿಕೆ ಇಳಿಯುತ್ತದೆ, ಅದು ದಾಟುವಿಕೆಯನ್ನು ತಡೆದ ಹಾಗಲ್ಲ. ಅದೇ ಪ್ರಮಾಣ, ಅದೇ ಅವಧಿಯಲ್ಲಿ ಎಷ್ಟು ಕೋಶ ಬದುಕಿವೆ ಎಂದು ಪಕ್ಕದ ತಟ್ಟೆಯಲ್ಲಿ ನೋಡಲೇಬೇಕು. ಔಷಧ ಕರಗಿಸಿದ ಡಿಎಂಎಸ್‌ಒ ಮಾತ್ರ ಹಾಕಿದ ಗುಳಿಯೂ ಹೋಲಿಕೆಗೆ ಇರಬೇಕು, ಅದರ ಪ್ರಮಾಣ ನೂರಕ್ಕೆ 0.1 ಮೀರಬಾರದು. ಕೊನೆಗೆ ಒಂದು ಸಲ ಪದರಕ್ಕೆ ಮಾತ್ರ ಔಷಧ ಕೊಟ್ಟು ತೊಳೆದು, ಇನ್ನೊಂದು ಸಲ ಕ್ಯಾನ್ಸರ್ ಕೋಶಕ್ಕೆ ಮಾತ್ರ ಕೊಟ್ಟು ತೊಳೆದು ಪ್ರಯೋಗ ಮಾಡಿದರೆ ಔಷಧ ಯಾರ ಮೇಲೆ ಕೆಲಸ ಮಾಡುತ್ತಿದೆ ಎಂಬುದು ಬಯಲಾಗುತ್ತದೆ. ಎಷ್ಟೋ ವರದಿಗಳಲ್ಲಿ ಈ ಕೊನೆಯ ಹೆಜ್ಜೆಯೇ ಇರುವುದಿಲ್ಲ. ಇಷ್ಟಾದರೂ ಇಲ್ಲಿ ರಕ್ತದ ಹರಿವಿಲ್ಲ, ಪ್ಲೇಟ್‌ಲೆಟ್ ಇಲ್ಲ ಎಂಬ ಕೊರತೆ ಉಳಿಯುತ್ತದೆ. ಅದಕ್ಕಾಗಿಯೇ ಮುಂದಿನ ಹಂತದಲ್ಲಿ ಜೀಬ್ರಾ ಮೀನಿನ ಮರಿಗಳನ್ನು ಬಳಸುತ್ತಾರೆ. ಗಾಜಿನಂತೆ ಪಾರದರ್ಶಕವಾದ ಅವುಗಳ ಬಾಲದ ನಾಳದಿಂದ ಕೋಶ ಹೊರಬರುವುದನ್ನು ಕಣ್ಣಾರೆ ನೋಡಬಹುದು.

ಪ್ರಶ್ನೆ: ನಮ್ಮ ಅತ್ತಿಗೆಗೆ ಸ್ತನದ ಗಡ್ಡೆ ತೆಗೆದಿದ್ದಾರೆ. ರಿಪೋರ್ಟಿನಲ್ಲಿ ‘ಲಿಂಫೋವ್ಯಾಸ್ಕುಲರ್ ಇನ್ವೇಷನ್ ಇದೆ’ ಎಂದು ಬರೆದಿದೆ. ಹಾಗೆಂದರೆ ರಕ್ತಕ್ಕೆ ಸೇರಿಹೋಯಿತು ಎಂದೇ? ಮನೆಯಲ್ಲಿ ಎಲ್ಲರೂ ಎದೆಗುಂದಿದ್ದಾರೆ.
– ಒಬ್ಬ ಓದುಗರು, ಸಕಲೇಶಪುರ

ಉತ್ತರ: ಎದೆಗುಂದಬೇಡಿ. ಈ ಸಾಲು ಹೇಳುವುದು ಇಷ್ಟೇ: ಗಡ್ಡೆಯ ಸುತ್ತಲಿನ ಸಣ್ಣ ದುಗ್ಧನಾಳ (ಹಾಲಿನ ನಾಳವಲ್ಲ, ಲಿಂಫ್ ದ್ರವ ಹರಿಯುವ ನಾಳ) ಅಥವಾ ರಕ್ತನಾಳದ ಒಳಗೆ ಕ್ಯಾನ್ಸರ್ ಕೋಶಗಳ ಗುಂಪು ಕಂಡಿದೆ. ದೂರದ ಅಂಗದಲ್ಲಿ ಬೇರೂರಿದೆ ಎಂದು ಅದರ ಅರ್ಥವಲ್ಲ. ನಾಳಕ್ಕೆ ಇಳಿದ ಕೋಶಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಕ್ಯಾನ್ಸರ್ ವಿಜ್ಞಾನಿ ಐಸೈಯಾ ಫಿಡ್ಲರ್ 1970ರಲ್ಲಿ ಇಲಿಗಳ ರಕ್ತಕ್ಕೆ ಗುರುತು ಹಚ್ಚಿದ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳನ್ನು ಬಿಟ್ಟು ಎಣಿಸಿದಾಗ, 24 ಗಂಟೆಗೆ ಬದುಕಿದ್ದದ್ದು ಸಾವಿರಕ್ಕೆ ಒಂದರಷ್ಟು. ಗಡ್ಡೆಯಾಗಿ ಬೆಳೆದದ್ದು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ.

ಹಾಗೆಂದು ಆ ಸಾಲನ್ನು ಅಲಕ್ಷಿಸುವಂತೆಯೂ ಇಲ್ಲ. ಕೀಮೊ ಬೇಕೇ ಬೇಡವೇ ಎಂದು ತೂಗುವಾಗ ಗಡ್ಡೆಯ ಗಾತ್ರ, ಗ್ರೇಡ್, ಕಂಕುಳಿನ ಗ್ರಂಥಿ, ಹಾರ್ಮೋನ್ ಗ್ರಾಹಕ ಇವುಗಳ ಜೊತೆ ವೈದ್ಯರು ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸ್ತನದ ಮಟ್ಟಿಗೆ ಹೀಗೆ ಕಾಣುವುದು ಹೆಚ್ಚಾಗಿ ದುಗ್ಧನಾಳದಲ್ಲಿ. ಅನುಮಾನವಿದ್ದರೆ ಪೆಥಾಲಜಿಸ್ಟರು ಎರಡು ವಿಶೇಷ ಬಣ್ಣ ಹಾಕಿ ನೋಡುತ್ತಾರೆ: ಡಿ2-40 ದುಗ್ಧನಾಳದ ಒಳಪದರವನ್ನು ತೋರಿಸುತ್ತದೆ, ಸಿಡಿ31 ನಾಳಗಳ ಒಳಪದರವನ್ನು ತೋರಿಸುತ್ತದೆ. ಈ ಬಣ್ಣಗಳು ಬೇಕಾಗುವುದೇಕೆಂದರೆ, ಅಂಗಾಂಶ ಸರಿಯಾಗಿ ನೆನೆಯದೆ ಕುಗ್ಗಿದಾಗ ಕೋಶಗಳ ಗುಂಪಿನ ಸುತ್ತ ಖಾಲಿ ಜಾಗ ಬಿಟ್ಟು ಅದೂ ನಾಳದಂತೆಯೇ ಕಾಣುತ್ತದೆ.

ಸಣ್ಣ ಊರುಗಳಲ್ಲಿ ಆಗುವ ತಪ್ಪಿನ ಬೇರು ಇಲ್ಲಿದೆ, ಆದ್ದರಿಂದ ವಿವರವಾಗಿ ಹೇಳುತ್ತೇವೆ. ತೆಗೆದ ಗಡ್ಡೆ ಒಂದು ಗಂಟೆಯೊಳಗೆ ನೂರಕ್ಕೆ ಹತ್ತರ ಬಫರ್ಡ್ ಫಾರ್ಮಲಿನ್ ಸೇರಬೇಕು. ಫಾರ್ಮಲಿನ್ ಗಡ್ಡೆಯ ಹತ್ತು ಪಾಲಾದರೂ ಇರಬೇಕು. ಅದು ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್ ಮಾತ್ರ. ದೊಡ್ಡ ಗಡ್ಡೆಯನ್ನು ಸೀಳದೆ ಇಟ್ಟರೆ ನಡುಭಾಗ ಕೊಳೆಯುತ್ತದೆ. ನೆನೆಯುವ ಅವಧಿ 6 ಗಂಟೆಗಿಂತ ಕಡಿಮೆಯಾಗಬಾರದು, 72 ಗಂಟೆ ಮೀರಬಾರದು. ಕಿರಿದಾದ ಬಾಟಲಿಗೆ ತುರುಕುವುದು, ಸಲೈನಿನಲ್ಲಿ ಅಥವಾ ಸ್ಪಿರಿಟ್ಟಿನಲ್ಲಿ ಹಾಕಿಡುವುದು, ಶನಿವಾರ ತೆಗೆದದ್ದನ್ನು ಬುಧವಾರ ಕಳಿಸುವುದು, ಇವೆಲ್ಲ ಹಾರ್ಮೋನ್ ಮತ್ತು ಹರ್2 (ಗಡ್ಡೆಯ ಕೋಶಗಳ ಮೇಲಿನ ಒಂದು ಪ್ರೋಟೀನು) ಪರೀಕ್ಷೆಯನ್ನೇ ಹಾಳು ಮಾಡುತ್ತವೆ. ಗಡ್ಡೆಯನ್ನು ಲ್ಯಾಬಿಗೆ ಒಯ್ಯುವ ಕೆಲಸ ಬಹಳ ಕಡೆ ಮನೆಯವರ ಪಾಲಿಗೇ ಬರುತ್ತದೆ. ಆದ್ದರಿಂದ ಬಾಟಲಿಯ ಮೇಲೆ ಫಾರ್ಮಲಿನ್‌ಗೆ ಹಾಕಿದ ತಾರೀಖು, ಗಂಟೆ ಬರೆದಿದೆಯೇ ನೋಡಿಕೊಳ್ಳಿ.

ಬೆಂಗಳೂರಿನ ಕಿದ್ವಾಯಿಗೋ ಬೇರೆ ಆಸ್ಪತ್ರೆಗೋ ಹೋಗುವುದಿದ್ದರೆ ರಿಪೋರ್ಟ್ ಮಾತ್ರ ಸಾಲದು. ಗಾಜಿನ ಸ್ಲೈಡುಗಳನ್ನೂ ಗಡ್ಡೆಯ ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಬ್ಲಾಕನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ.

ಪ್ರಶ್ನೆ: ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ಕ್ಯಾನ್ಸರ್ ರಕ್ತಕ್ಕೆ ಹರಡುತ್ತದಂತೆ, ನಿಜವೇ?
– ಹೊಳೆನರಸೀಪುರ

ಉತ್ತರ: ಸ್ತನ, ಥೈರಾಯ್ಡ್, ಕುತ್ತಿಗೆಯ ಗಂಟುಗಳಿಗೆ ಈ ಭಯ ಬೇಡ. ಸೂಜಿಯ ದಾರಿಯಲ್ಲಿ ಕೆಲವು ಕೋಶ ಉದುರಿದರೂ ಅವು ಬೇರೂರುವುದು ಬಹಳ ಅಪರೂಪ. ವೃಷಣದ ಗಡ್ಡೆಗೆ ಮಾತ್ರ ಚೀಲದ ಚರ್ಮದ ಮೂಲಕ ಸೂಜಿ ಹಾಕುವುದಿಲ್ಲ. ಅಂಡಾಶಯದೊಳಗೇ ಇರುವ ಅನುಮಾನದ ಗಡ್ಡೆಯನ್ನೂ ಸಾಮಾನ್ಯವಾಗಿ ಚುಚ್ಚದೆ ಇಡಿಯಾಗಿ ತೆಗೆಯುತ್ತಾರೆ. ಉಳಿದಂತೆ, ಸೂಜಿಗೆ ಹೆದರಿ ನಾಲ್ಕೈದು ತಿಂಗಳು ನಾಟಿ ಲೇಪ ಹಚ್ಚಿಕೊಂಡು ಕಾಯುವುದೇ ಹರಡಲು ಬಿಡುವ ದಾರಿ.

ಪ್ರಶ್ನೆ: ಹಲ್ಲು ಕೀಳುವಾಗ ಕೊಡುವ ಮರಗಟ್ಟಿಸುವ ಇಂಜೆಕ್ಷನ್ನನ್ನೇ ಆಪರೇಷನ್ನಿಗೆ ಮುಂಚೆ ಗಡ್ಡೆಯ ಸುತ್ತ ಕೊಟ್ಟರೆ ಸ್ತನ ಕ್ಯಾನ್ಸರ್ ಹರಡುವುದು ಕಡಿಮೆಯಾಗುತ್ತದೆ ಎಂದು ಕೇಳಿದೆ. ನಂಬಬಹುದೇ? ನನ್ನ ಅಕ್ಕನಿಗೆ ಮುಂದಿನ ತಿಂಗಳು ಆಪರೇಷನ್ ಇದೆ.
– ಗೃಹಿಣಿ, ಚಿಕ್ಕಮಗಳೂರು

ಉತ್ತರ: ನಂಬಬಹುದು, ಮತ್ತು ಇದು ನಮ್ಮ ದೇಶದಲ್ಲೇ ಆದ ಕೆಲಸ. ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರ ನೇತೃತ್ವದಲ್ಲಿ ಭಾರತದ 11 ಆಸ್ಪತ್ರೆಗಳು ಸೇರಿ 2011ರಿಂದ ಸುಮಾರು 1,600 ಮಹಿಳೆಯರ ಮೇಲೆ ನಡೆಸಿದ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಎಲ್ಲರದೂ ಆರಂಭದ ಹಂತದ ಸ್ತನ ಕ್ಯಾನ್ಸರ್, ಎಲ್ಲರಿಗೂ ಮೊದಲ ಚಿಕಿತ್ಸೆಯೇ ಶಸ್ತ್ರಚಿಕಿತ್ಸೆ. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಲಿಗ್ನೊಕೇನ್, ಅರ್ಧ ಜನಕ್ಕೆ ಬರಿಯ ಶಸ್ತ್ರಚಿಕಿತ್ಸೆ. ಐದು ವರ್ಷಕ್ಕೆ ರೋಗ ಮರುಕಳಿಸದೆ ಇದ್ದವರು ಲಿಗ್ನೊಕೇನ್ ಗುಂಪಿನಲ್ಲಿ ನೂರಕ್ಕೆ 86.6, ಇನ್ನೊಂದರಲ್ಲಿ 82.6. ಬದುಕಿದ್ದವರು 90.1 ಮತ್ತು 86.4. ದೂರದ ಅಂಗಕ್ಕೆ ಹರಡಿದ್ದು 8.5 ಮತ್ತು 11.6. ನೂರಕ್ಕೆ ನಾಲ್ಕು ಎಂದರೆ ಸಣ್ಣದಾಗಿ ಕಾಣಬಹುದು. ಲಕ್ಷಗಟ್ಟಲೆ ಬೆಲೆಯ ಎಷ್ಟೋ ಔಷಧಗಳ ಲಾಭವೂ ಇದರ ಆಸುಪಾಸಿನಲ್ಲೇ ಇರುತ್ತದೆ, ಲಿಗ್ನೊಕೇನ್ ಬಾಟಲಿ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲೂ ಸಿಗುತ್ತದೆ.

ಹೇಗೆ ಕೆಲಸ ಮಾಡುತ್ತದೆ? ಚಾಕು ತಾಗಿ ಗಡ್ಡೆ ಅಲುಗಿದಾಗ ಕೋಶಗಳು ಕೆರಳಿ ನಾಳದ ಕಡೆ ಸರಿಯುತ್ತವೆ ಎಂಬುದು ಈ ಪರೀಕ್ಷೆಯ ಹಿಂದಿನ ಯೋಚನೆ. ನರದಲ್ಲಿರುವಂಥದೇ ಸೋಡಿಯಂ ಬಾಗಿಲುಗಳು ಅನೇಕ ಸ್ತನ ಕ್ಯಾನ್ಸರ್ ಕೋಶಗಳ ಮೇಲೂ ಇವೆ. ಅವು ತೆರೆದಾಗ ಕೋಶದ ನುಗ್ಗುವ ಗುಣ ಹೆಚ್ಚುತ್ತದೆ. ಲಿಗ್ನೊಕೇನ್ ನರವನ್ನು ಮರಗಟ್ಟಿಸುವುದೂ ಆ ಬಾಗಿಲು ಮುಚ್ಚಿಯೇ.

ಕೊಡುವ ಕ್ರಮ ಹೀಗಿದೆ. ನೂರಕ್ಕೆ 0.5ರ ಲಿಗ್ನೊಕೇನ್, ಹೆಚ್ಚೆಂದರೆ 60 ಮಿಲಿ. ಗಡ್ಡೆಯ ಒಳಗಲ್ಲ, ಮೇಲೆ, ಕೆಳಗೆ, ನಾಲ್ಕು ಪಕ್ಕ, ಹೀಗೆ ಆರೂ ಕಡೆ ಸುತ್ತುವರಿದಂತೆ. ಆಮೇಲೆ 7ರಿಂದ 10 ನಿಮಿಷ ಕಾದು ಗಡ್ಡೆ ತೆಗೆಯಬೇಕು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ನೂರಕ್ಕೆ 2ರದ್ದು. ಅದರ ಒಂದು ಪಾಲಿಗೆ ಮೂರು ಪಾಲು ಸಲೈನ್ ಸೇರಿಸಿದರೆ 0.5 ಆಗುತ್ತದೆ. ಮಿತಿ ದೇಹದ ತೂಕದ ಕೆಜಿಗೆ 4.5 ಮಿಲಿಗ್ರಾಂ. 0.5ರ ದ್ರಾವಣದ ಒಂದು ಮಿಲಿಯಲ್ಲಿ 5 ಮಿಲಿಗ್ರಾಂ ಇರುವುದರಿಂದ 50 ಕೆಜಿಯ ಹೆಂಗಸಿಗೆ 45 ಮಿಲಿ ದಾಟಬಾರದು, 60 ಮಿಲಿ ಅವರಿಗೆ ಜಾಸ್ತಿ. ನಮ್ಮ ಕಡೆಯ ಹೆಂಗಸರ ತೂಕ ನೋಡಿದರೆ ಈ ಲೆಕ್ಕ ಮುಖ್ಯ. ಸೂಜಿ ನಾಳದೊಳಗೆ ಹೋಗಿಲ್ಲ ಎಂದು ಪ್ರತಿ ಸಲ ಸಿರಿಂಜ್ ಹಿಂದಕ್ಕೆಳೆದು ನೋಡಬೇಕು. ಔಷಧ ಹೆಚ್ಚಾದರೆ ಎಚ್ಚರವಿರುವವರಿಗೆ ತುಟಿ ಜುಮುಗುಟ್ಟುವುದು, ಕಿವಿ ಗುಂಯ್‌ಗುಡುವುದು ಮೊದಲ ಸೂಚನೆ. ಅರಿವಳಿಕೆಯಲ್ಲಿರುವವರು ಹೇಳಲಾರರು, ಆದ್ದರಿಂದ ಇಸಿಜಿ ಪರದೆಯ ಮೇಲೆ ಕಣ್ಣಿಡಬೇಕಾಗುತ್ತದೆ. ಆ ಪರೀಕ್ಷೆಯಲ್ಲಿ ಇಂಜೆಕ್ಷನ್ನಿನಿಂದ ಯಾರಿಗೂ ತೊಂದರೆಯಾದ ವರದಿಯಿಲ್ಲ.

ಮಿತಿಗಳನ್ನೂ ಹೇಳಬೇಕು. ಹೋಲಿಕೆಯ ಗುಂಪಿಗೆ ಬರೀ ಸಲೈನಿನ ಸೂಜಿ ಕೊಟ್ಟಿರಲಿಲ್ಲ, ಯಾರಿಗೆ ಕೊಟ್ಟೆವೆಂದು ಸರ್ಜನ್‌ಗೆ ಗೊತ್ತಿತ್ತು. ಮೊದಲು ಕೀಮೊ ಪಡೆದು ಆಮೇಲೆ ಆಪರೇಷನ್ ಆಗುವವರಿಗೆ, ಬಾಯಿ ಅಥವಾ ಕರುಳಿನ ಕ್ಯಾನ್ಸರಿಗೆ ಈ ಅಂಕಿಗಳನ್ನು ಅನ್ವಯಿಸುವಂತಿಲ್ಲ. ನಿಮ್ಮ ಅಕ್ಕನವರಿಗೆ ಮೊದಲೇ ಆಪರೇಷನ್ ಎಂದಾದರೆ ಸರ್ಜನ್ ಬಳಿ ಸಂಕೋಚವಿಲ್ಲದೆ ಕೇಳಿ. ಹೃದಯದ ಬಡಿತದಲ್ಲಿ ತಡೆ ಇದ್ದರೆ, ಹಿಂದೆ ಹಲ್ಲಿನ ಇಂಜೆಕ್ಷನ್ನಿಗೆ ಅಲರ್ಜಿ ಆಗಿದ್ದರೆ ಅದನ್ನೂ ಆಗಲೇ ತಿಳಿಸಿ.

ಪ್ರಶ್ನೆ: ಪ್ಲೇಟ್‌ಲೆಟ್‌ಗಳು ಕ್ಯಾನ್ಸರಿಗೆ ಸಹಾಯ ಮಾಡುತ್ತವೆ, ಆಸ್ಪಿರಿನ್ ಅದನ್ನು ತಡೆಯುತ್ತದೆ ಎಂದು ಮಗ ಹೇಳಿದ. ಕರುಳಿನ ಆಪರೇಷನ್ ಆಗಿ ಎಂಟು ತಿಂಗಳಾಯಿತು. ಹೃದಯಕ್ಕೆಂದು ಮನೆಯಲ್ಲಿರುವ ಇಕೋಸ್ಪ್ರಿನ್ 75 ಎಂಬ ಆಸ್ಪಿರಿನ್ ಮಾತ್ರೆ ತೆಗೆದುಕೊಳ್ಳಲೇ?
– ಅಡಿಕೆ ಬೆಳೆಗಾರರು, ಕೊಪ್ಪ

ಉತ್ತರ: ನಿಮ್ಮಷ್ಟಕ್ಕೆ ನೀವೇ ಶುರು ಮಾಡಬೇಡಿ. ಮಗ ಹೇಳಿದ್ದರಲ್ಲಿ ಸತ್ಯವಿದೆ. ಪ್ಲೇಟ್‌ಲೆಟ್‌ಗಳು ತಯಾರಿಸುವ ಥ್ರಾಂಬಾಕ್ಸೇನ್ ರೋಗದ ವಿರುದ್ಧ ಹೋರಾಡುವ ನಮ್ಮ ಟಿ ಕೋಶಗಳನ್ನು ಮಂಕು ಮಾಡುತ್ತದೆ, ಆಸ್ಪಿರಿನ್ ಆ ತಯಾರಿಕೆ ನಿಲ್ಲಿಸಿದಾಗ ಟಿ ಕೋಶಗಳು ಹರಡುತ್ತಿರುವ ಕ್ಯಾನ್ಸರ್ ಕೋಶಗಳ ಮೇಲೆ ಎರಗುತ್ತವೆ ಎಂದು ಕೇಂಬ್ರಿಜ್‌ನ ವಿಜ್ಞಾನಿಗಳು 2025ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಅದೇ ವರ್ಷ ಸ್ವೀಡನ್ ಮತ್ತು ನೆರೆಯ ದೇಶಗಳ ಪರೀಕ್ಷೆಯೂ ಪ್ರಕಟವಾಯಿತು. ಕರುಳು, ಗುದನಾಳದ ಕ್ಯಾನ್ಸರ್ ತೆಗೆದ ನಂತರ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಮೂರು ವರ್ಷ ಕೊಟ್ಟಾಗ, ಮೂರು ವರ್ಷದಲ್ಲಿ ಮರುಕಳಿಸಿದ್ದು ನೂರಕ್ಕೆ 7.7; ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 14.1.

ಆದರೆ ಅವರೆಲ್ಲರ ಗಡ್ಡೆಯಲ್ಲಿ ಪಿಐಕೆ3ಸಿಎ ಎಂಬ ಜೀನಿನ ದೋಷವಿತ್ತು. ಅದನ್ನು ನೋಡಿಯೇ ಸೇರಿಸಿಕೊಂಡಿದ್ದರು. ನಿಮ್ಮ ಗಡ್ಡೆಯಲ್ಲಿ ಅದಿದೆಯೇ ಎಂದು ಇಟ್ಟಿರುವ ಬ್ಲಾಕಿನಿಂದಲೇ ಪರೀಕ್ಷಿಸಬಹುದು. ನಿಮ್ಮ ಆಂಕಾಲಜಿಸ್ಟರಿಗೆ ಕೇಳಬೇಕಾದ್ದು ಈ ಪ್ರಶ್ನೆ. ಉಳಿದ ಕಡೆ ಆಸ್ಪಿರಿನ್ ಹೀಗೆ ಗೆದ್ದಿಲ್ಲ: ಸ್ತನ ಕ್ಯಾನ್ಸರಿನ 3,020 ಜನರಿಗೆ 300 ಮಿಲಿಗ್ರಾಂ ಕೊಟ್ಟ ಅಮೆರಿಕದ ಪರೀಕ್ಷೆಯಲ್ಲಿ ಲಾಭವಾಗಲಿಲ್ಲ. ಆರೋಗ್ಯವಾಗಿದ್ದ ವಯಸ್ಸಾದವರಿಗೆ 100 ಮಿಲಿಗ್ರಾಂ ಕೊಟ್ಟ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ಕ್ಯಾನ್ಸರ್ ಸಾವು ಸ್ವಲ್ಪ ಹೆಚ್ಚೇ ಆಯಿತು.

ಮಲೆನಾಡಿನವರಾದ ನಿಮಗೆ ಇನ್ನೊಂದು ಎಚ್ಚರಿಕೆ. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ಪ್ಲೇಟ್‌ಲೆಟ್ ಕುಸಿದು ರಕ್ತಸ್ರಾವವಾಗುವ ಅಪಾಯವಿದೆ. ಆಸ್ಪಿರಿನ್ ಮೇಲಿರುವವರಿಗೆ ಅದು ಇನ್ನೂ ಹೆಚ್ಚು. ವೈದ್ಯರೇ ಬರೆದುಕೊಟ್ಟು ನೀವು ತೆಗೆದುಕೊಳ್ಳುತ್ತಿದ್ದರೂ, ಜ್ವರ ಬಂದ ದಿನ ಆ ಮಾತ್ರೆಯ ಹೆಸರನ್ನು ಆಸ್ಪತ್ರೆಯಲ್ಲಿ ಮೊದಲು ಹೇಳಿ. ಮಲ ಕಪ್ಪಾಗಿ ಟಾರಿನಂತೆ ಹೋದರೆ ಅದೇ ದಿನ ತೋರಿಸಿ.

ಪ್ರಶ್ನೆ: ನಮ್ಮಮ್ಮನಿಗೆ 62 ವರ್ಷ, ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ಮೂಳೆ ಸ್ಕ್ಯಾನ್ ಸರಿಯಿದೆ. ಆದರೂ ಡಾಕ್ಟರು ಆರು ತಿಂಗಳಿಗೊಮ್ಮೆ ಮೂಳೆಯ ಇಂಜೆಕ್ಷನ್ ಎನ್ನುತ್ತಾರೆ. ಯಾಕೆ?
– ಒಬ್ಬ ಓದುಗರು, ಕಡೂರು

ಉತ್ತರ: ಅದು ಜೊಲೆಡ್ರೋನಿಕ್ ಆಮ್ಲ ಇರಬೇಕು. ಮೂಳೆಮಜ್ಜೆಯ ರಕ್ತನಾಳಗಳು ಮಿದುಳಿನ ನಾಳಗಳಂತೆ ಬಿಗಿಯಾಗಿಲ್ಲ. ಹೊಸ ರಕ್ತಕಣಗಳು ಅಲ್ಲಿಂದಲೇ ಹೊರಡಬೇಕಾದ್ದರಿಂದ ಒಳಪದರದಲ್ಲಿ ಸಹಜವಾಗಿಯೇ ಸಂದುಗಳಿವೆ. ತೂಬು ಸದಾ ತೆರೆದಿರುವ ಕಡೆ ಬಾಗಿಲು ಕಾಯುವ ಔಷಧದಿಂದ ಪ್ರಯೋಜನವಿಲ್ಲ, ನೆಲವನ್ನೇ ಬೆಳೆಗೆ ಒಗ್ಗದಂತೆ ಮಾಡಬೇಕು. ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲೆಂಡಿನ ಸರ್ಜನ್ 1889ರಲ್ಲೇ ಕ್ಯಾನ್ಸರನ್ನು ಬೀಜಕ್ಕೂ ಅಂಗವನ್ನು ಮಣ್ಣಿಗೂ ಹೋಲಿಸಿದ್ದರು. ಮೂಳೆ ಸವೆಸುವ ಕೋಶಗಳು ಮೂಳೆಯನ್ನು ಕರಗಿಸುವಾಗ ಅದರಲ್ಲಿ ಹುದುಗಿರುವ ಬೆಳವಣಿಗೆಯ ಅಂಶಗಳು ಬಿಡುಗಡೆಯಾಗುತ್ತವೆ, ಬಂದು ಕುಳಿತ ಕ್ಯಾನ್ಸರ್ ಕೋಶಕ್ಕೆ ಅದೇ ಗೊಬ್ಬರ. ಜೊಲೆಡ್ರೋನಿಕ್ ಆಮ್ಲ ಆ ಸವೆತವನ್ನು ನಿಲ್ಲಿಸುತ್ತದೆ. 2015ರಲ್ಲಿ 18,766 ಮಹಿಳೆಯರ ಮಾಹಿತಿ ಒಟ್ಟುಗೂಡಿಸಿದಾಗ, ಮುಟ್ಟು ನಿಂತವರಲ್ಲಿ ಈ ಬಗೆಯ ಔಷಧಗಳು ಮೂಳೆಗೆ ಮರುಕಳಿಸುವುದನ್ನು ನಾಲ್ಕರಲ್ಲೊಂದು ಭಾಗಕ್ಕಿಂತ ಹೆಚ್ಚು ಕಡಿಮೆ ಮಾಡಿದ್ದು ಕಂಡಿತು. ಮುಟ್ಟು ನಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ.

ಸಾಮಾನ್ಯ ಪ್ರಮಾಣ 4 ಮಿಲಿಗ್ರಾಂ, ಆರು ತಿಂಗಳಿಗೊಮ್ಮೆ, ಮೂರು ವರ್ಷ. ಡ್ರಿಪ್ 15 ನಿಮಿಷಕ್ಕಿಂತ ಬೇಗ ಮುಗಿಸಬಾರದು, ಬೇಗ ಓಡಿಸಿದರೆ ಕಿಡ್ನಿಗೆ ಪೆಟ್ಟು. ಪ್ರತಿ ಸಲ ಮುಂಚೆ ಕ್ರಿಯಾಟಿನಿನ್ ನೋಡಿ, ಕಿಡ್ನಿ ಸ್ವಲ್ಪ ಸೋತಿದ್ದರೆ ಪ್ರಮಾಣ ಇಳಿಸುತ್ತಾರೆ. ಆ ದಿನ ನೀರು ಚೆನ್ನಾಗಿ ಕುಡಿಸಿಕೊಂಡು ಹೋಗಿ. ಮೊದಲ ಡೋಸಿನ ನಂತರ ಎರಡು ಮೂರು ದಿನ ಜ್ವರ, ಮೈಕೈ ನೋವು ಬಂದರೆ ಪ್ಯಾರಾಸಿಟಮಾಲ್ ಸಾಕು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಗಳನ್ನು ತಪ್ಪಿಸಬಾರದು. ವಿಟಮಿನ್ ಡಿ ಕೊರತೆಯಿದ್ದಾಗ ಕೊಟ್ಟರೆ ಕ್ಯಾಲ್ಸಿಯಂ ಕುಸಿದು ಕೈಬೆರಳು ಸೆಟೆದುಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿ. ಎಲೆ ಅಡಿಕೆ ಹಾಕುವ ಅಮ್ಮಂದಿರಲ್ಲಿ ವಸಡು ಕೆಟ್ಟು ಹಲ್ಲು ಅಲ್ಲಾಡುವುದು ಸಾಮಾನ್ಯ. ಕೀಳಬೇಕಾದ ಹಲ್ಲಿದ್ದರೆ ಇಂಜೆಕ್ಷನ್ ಶುರುವಾಗುವ ಮುಂಚೆ ಕೀಳಿಸಿ, ಗಾಯ ಪೂರ್ತಿ ಮಾಯಲು ಬಿಡಿ. ಔಷಧ ಶುರುವಾದ ಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಹೊರಗೆ ಕಾಣುವಂತಾಗುವ ತೊಂದರೆ ಕೆಲವರಿಗೆ ಬರುತ್ತದೆ. ಆಮೇಲೆ ಯಾವಾಗಲಾದರೂ ಹಲ್ಲು ನೋವೆಂದು ಹೋದರೆ, ಇಂಥ ಇಂಜೆಕ್ಷನ್ ನಡೆಯುತ್ತಿದೆ ಎಂದು ಇಕ್ಕಳ ಕೈಗೆತ್ತಿಕೊಳ್ಳುವ ಮೊದಲೇ ಅಮ್ಮ ಹೇಳಬೇಕು. ಔಷಧದ ಹೆಸರು, ಕೊನೆಯ ಡೋಸಿನ ತಾರೀಖು ಬರೆದ ಚೀಟಿಯೊಂದು ಅವರ ಪರ್ಸಿನಲ್ಲಿರಲಿ.